ಸಿಸ್ಟರ್ ಕೊಟ್ಟ ಅಡ್ವಾನ್ಸ್

ಕನ್ನಡಕದ ಅಂಗಡಿಯವರಿಗೆ ಬೀದಿಯಲ್ಲಿ ‘ಎರಡೂವರೆ ಮನೆ ಮಾವ’ ಎಂಬ ಹೆಸರಿತ್ತು. ಎರಡು ಮನೆ ಬಾಡಿಗೆಗೆ ಕೊಟ್ಟಿದ್ದರು, ಮೂರನೆಯದನ್ನು ಕೊಳ್ಳಲು ಅಗ್ರಿಮೆಂಟ್ ಆಗಿತ್ತು. ಆ ಅರ್ಧವನ್ನೂ ಲೆಕ್ಕಕ್ಕೆ ಸೇರಿಸಿ ಹೇಳಿಕೊಂಡು ತಿರುಗಿದವರು ಅವರೇ. ಕಣ್ಣು ತೋರಿಸಲು ಬಂದವರಿಗೂ ಬಿಟ್ಟಿ ಪಾಠ: “ಸಾಲ ಬ್ಯಾಂಕಿಂದ ತಗೊಳ್ಳಿ, ಕಂತು ಬಾಡಿಗೆಯಿಂದ ಕಟ್ಟಿ. ನಮ್ಮ ಜೇಬಿಗೆ ಕೈ ಹಾಕೋದೇ ಬೇಡ.” ಪಾಠದ ಒಂದು ಭಾಗವನ್ನು ಮಾತ್ರ ಅವರು ಯಾರಿಗೂ ಹೇಳುತ್ತಿರಲಿಲ್ಲ. ಬಾಡಿಗೆಯವರು ಕೊಟ್ಟ ಅಡ್ವಾನ್ಸನ್ನು ಮುಂದಿನ ಮನೆಗೆ ಹಾಕುವುದು. ಬಾಡಿಗೆಯವರು ಖಾಲಿ ಮಾಡುವಾಗ ಹೊಸಬರಿಂದ ಇಸಿದುಕೊಂಡು ಹಳಬರಿಗೆ ಕೊಡುವುದು. ಹತ್ತು ವರ್ಷ ಹೀಗೇ ನಡೆದಿತ್ತು, ಹಾಗಾಗಿ ಇದನ್ನು ಜಾಣತನವೆಂದೇ ಅವರು ನಂಬಿದ್ದರು.

ಅವರ ಮಹಡಿ ಮನೆಯಲ್ಲಿ ಆರು ವರ್ಷದಿಂದ ನರ್ಸ್ ಒಬ್ಬಳಿದ್ದಳು, ಎಲ್ಲರ ಬಾಯಲ್ಲೂ ಸಿಸ್ಟರ್. ಆಕೆ ಸ್ವಂತಕ್ಕೊಂದು ಪುಟ್ಟ ಫ್ಲ್ಯಾಟ್ ಗೊತ್ತು ಮಾಡಿಕೊಂಡಿದ್ದಳು. ಶುಕ್ರವಾರ ರಿಜಿಸ್ಟ್ರೇಷನ್, ಅಷ್ಟರೊಳಗೆ ಪೂರ್ತಿ ಹಣ ಕೊಡದಿದ್ದರೆ ಅದು ಬೇರೆಯವರ ಪಾಲು. ಮನೆ ಬಿಡುತ್ತೇನೆ, ಅಡ್ವಾನ್ಸ್ ವಾಪಸ್ ಬೇಕು ಎಂದು ಎರಡು ತಿಂಗಳ ಮುಂಚೆಯೇ ಹೇಳಿದ್ದಳು. “ನಿನ್ನ ದುಡ್ಡು ಎಲ್ಲಿಗೆ ಹೋಗುತ್ತಮ್ಮ!” ಎಂದು ಮಾವ ನಕ್ಕಿದ್ದರು. ಅದು ಆಗಲೇ ಮೂರನೇ ಮನೆಯ ಮುಂಗಡಕ್ಕೆ ಹೋಗಿತ್ತು. ಹೊಸ ಬಾಡಿಗೆಯವರು ಈ ಸಲ ಬರಲೇ ಇಲ್ಲ.

ಸೋಮವಾರ ಬೆಳಗ್ಗೆ ಅವರು ಟಾರ್ಚ್ ಹಿಡಿದು ಮೇಲೆ ಹೋದರು. ಬಿಸಿಲು ಸುರಿಯುವ ಮನೆಗೆ ಟಾರ್ಚು! ಗೋಡೆಯ ಮೊಳೆ ತೂತು ಎಣಿಸಿದರು, ಸಿಂಕಿನ ಕೆಳಗೆ ಬಗ್ಗಿ ತೇವ ಮುಟ್ಟಿ ನೋಡಿದರು. “ಇದನ್ನೆಲ್ಲ ಸರಿ ಮಾಡಿಸದೆ ಅಡ್ವಾನ್ಸ್ ಹೇಗಮ್ಮ ಕೊಡೋದು? ಒಂದು ತಿಂಗಳಾದ್ರೂ ಬೇಕು.” ಆಕೆ ಜಗಳಕ್ಕೆ ನಿಂತಿದ್ದರೆ ಅವರಿಗೂ ಸಲೀಸಾಗುತ್ತಿತ್ತು. ಆಕೆಯ ಮುಖ ಸಪ್ಪಗಾಯಿತು.

“ತಪ್ಪಾಯ್ತು ಅಂಕಲ್,” ಎಂದಳು.

ಬುಧವಾರ ಸಂಜೆ ಆಕೆಯೇ ಕರೆಯಲು ಬಂದಳು. ಮಾವನ ಹಿಂದೆಯೇ ಅವರ ಹೆಂಡತಿಯೂ ಮೆಟ್ಟಿಲು ಹತ್ತಿದರು. ಗೋಡೆಗಳಿಗೆಲ್ಲ ಹೊಸ ಬಣ್ಣ. ಪೇಂಟರ್ ಇನ್ನೂ ಬ್ರಷ್ ತೊಳೆಯುತ್ತಿದ್ದ. ಸಿಂಕಿಗೆ ಹೊಸ ಪೈಪು.

“ರಜೆ ಹಾಕಿ ಮಾಡಿಸ್ದೆ ಅಂಕಲ್. ಇನ್ನೇನಾದ್ರೂ ಇದ್ರೆ ಹೇಳಿ, ನಾಳೆ ಒಂದು ದಿನ ಇದೆ.”

ಆಗಲೂ ಮಾವನ ಕಣ್ಣು ಗೋಡೆಯ ಮೇಲೆ ಕಲೆ ಹುಡುಕುತ್ತಿತ್ತು. ಹುಡುಕುತ್ತಿದ್ದೇನೆಂದು ಅವರಿಗೇ ಗೊತ್ತಾದಾಗ ತಮ್ಮ ಮೇಲೆ ತಮಗೇ ಹೇಸಿಗೆಯಾಯಿತು.

“ರೀ, ಹೇಳ್ಬಿಡಿ,” ಎಂದರು ಹೆಂಡತಿ.

“ದುಡ್ಡಿಲ್ಲ ಸಿಸ್ಟರ್. ನಿಮ್ಮ ದುಡ್ಡನ್ನ ಇನ್ನೊಂದು ಮನೆಗೆ ಹಾಕ್ಬಿಟ್ಟಿದ್ದೀನಿ.” ಬಹುವಚನ ತಾನಾಗಿ ಬಾಯಿಗೆ ಬಂದಿತ್ತು.

“ಮೊದಲೇ ಹೇಳಿದ್ರೆ ಎಲ್ಲಾದ್ರೂ ಸಾಲ ಕೇಳ್ತಿದ್ದೆ ಅಂಕಲ್. ಎರಡು ತಿಂಗಳಿತ್ತು.”

ಪೇಂಟರ್ ತಲೆ ತಗ್ಗಿಸಿಕೊಂಡು ಬಕೆಟ್ ಎತ್ತಿಕೊಂಡು ಹೊರಗೆ ಹೋದ. ಪರರ ನಾಚಿಕೆಗೇಡನ್ನು ನೋಡಲಾರದೆ ಜಾಗ ಬಿಡುವಷ್ಟು ಮರ್ಯಾದೆ ಅವನಿಗಿತ್ತು. ಮಾವನಿಗೆ ನೆಲ ಬಾಯಿ ಬಿಡಬಾರದೇ ಎನಿಸಿತು.

ಮರುದಿನವೇ ಮೂರನೇ ಮನೆಯ ಅಗ್ರಿಮೆಂಟ್ ಮುರಿದರು. ಮುಂಗಡದಲ್ಲಿ ಮೂರನೇ ಒಂದು ಭಾಗ ಮುಳುಗಿತು. ಉಳಿದದ್ದಕ್ಕೆ ಹೆಂಡತಿಯ ಬಳೆ ಸೇರಿಸಿ ಹಣ ಹೊಂದಿಸುವಷ್ಟರಲ್ಲಿ ಹತ್ತು ದಿನ ಕಳೆದಿತ್ತು. ಫ್ಲ್ಯಾಟ್ ಕೈತಪ್ಪಿ ಹೋಗಿತ್ತು. ಪೇಂಟಿನ ಖರ್ಚನ್ನೂ ಸೇರಿಸಿ ಅವರು ಮೇಲೆ ಹೋದಾಗ ಆಕೆ ಕಟ್ಟಿಟ್ಟಿದ್ದ ಪೆಟ್ಟಿಗೆಗಳ ನಡುವೆ ಕೂತಿದ್ದಳು. ಹಣ ಎಣಿಸಿಕೊಂಡಳು.

“ಬೇರೆ ಮನೆ ಸಿಗೋವರೆಗೆ ಇಲ್ಲೇ ಇರ್ತೀನಿ. ಅಡ್ವಾನ್ಸ್ ಕೊಡಲ್ಲ. ಇದು ಈ ತಿಂಗಳ ಬಾಡಿಗೆ,” ಎಂದು ಅದರಲ್ಲೇ ಒಂದಿಷ್ಟು ಬೇರೆ ತೆಗೆದು ಕೊಟ್ಟಳು. “ರಸೀದಿ ಬರೆದುಕೊಡಿ.”

ಆರು ವರ್ಷದಲ್ಲಿ ಆಕೆ ಒಮ್ಮೆಯೂ ರಸೀದಿ ಕೇಳಿದವಳಲ್ಲ. ಮಾವ ನಿಂತಲ್ಲೇ ಬರೆದುಕೊಟ್ಟರು. ಆಕೆ ಅದನ್ನು ಎರಡು ಸಲ ಓದಿ, ಸಹಿ ಇದೆಯೇ ಎಂದು ನೋಡಿ, ಆಮೇಲೆ ಮಡಚಿದಳು.