ಆರತಿ ತಟ್ಟೆಯಲ್ಲಿ ಹೋದ ಬೋಲ್ಟು

ಲಾರಿಗೆ ಹೊಸ ಆಯಿಲ್ ಹಾಕುವ ಮೊದಲು ಅದರ ಡಬ್ಬಕ್ಕೆ ಹೂವು, ಕುಂಕುಮವಿಟ್ಟು ಆರತಿ ಬೆಳಗುವುದು ನಮ್ಮ ಮನೆಯ ಪದ್ಧತಿ. ಅಂದು ವಿಟ್ಲದ ಲೋಡಿಗೆ ಹೊರಡಲೇಬೇಕಿದ್ದ ತಮ್ಮ, ಬಿಸಿ ಇಂಜಿನ್ನಿನ ಅಡಿಯ ಬೋಲ್ಟು ಬಿಚ್ಚಿ ಹಳೆಯ ಆಯಿಲನ್ನೆಲ್ಲ ಇಳಿಸಿ, ಆರತಿ ಮುಗಿದೊಡನೆ ಅವಸರದಲ್ಲಿ ಡಬ್ಬವನ್ನೆತ್ತಿದ. ಮನೆಯಲ್ಲಿದ್ದುದು ಆ ಒಂದೇ ಡಬ್ಬ.

“ನಿಲ್ಲು. ಅಡಿಯ ಬೋಲ್ಟು ಹಾಕಿದ್ದೀಯಾ?” ಎಂದೆ.

“ಅಯ್ಯೋ! ಕಳೆದುಹೋಗದಿರಲಿ ಎಂದು ಆರತಿ ತಟ್ಟೆಯಲ್ಲಿಟ್ಟೆ, ಅಣ್ಣ.”

ತಟ್ಟೆ ಆಗಲೇ ದೇವರ ಕೋಣೆ ಸೇರಿತ್ತು. ನನ್ನ ಹೆಂಡತಿ ಬೋಲ್ಟನ್ನು ತಂದುಕೊಟ್ಟು, “ಇದಕ್ಕೂ ಪೂಜೆ ಆಯಿತು ಮಾರಾಯ, ಇನ್ನಾದರೂ ಹಾಕು” ಎಂದು ನಕ್ಕಳು.

ಎಚ್ಚರವೂ ಪೂಜೆಯ ಅಂಗವೆಂದೇ ನಂಬಿದವನು ನಾನು. ತಮ್ಮ ಬಿಗಿದ ಬೋಲ್ಟನ್ನು ನಾನೇ ಬಗ್ಗಿ ಮುಟ್ಟಿ ನೋಡಿ, “ಈಗ ಸುರಿ” ಎಂದೆ. ಒಂದು ಹನಿಯೂ ನೆಲಕ್ಕೆ ಬೀಳಲಿಲ್ಲ. ಲಾರಿ ಹೊತ್ತಿಗೆ ಸರಿಯಾಗಿ ವಿಟ್ಲಕ್ಕೆ ಹೊರಟಿತು.