ಕೆಜಾಯಾಳ ಹುಬ್ಬಿನ ಗಾಯ

ಎಲಿಫಲೆಟ್ ಕ್ರೋಸ್ಬಿ ಮೊದಲು ಹೋಟೆಲುಗಳ ಬೋರ್ಡಿನ ಮೇಲೆ ಹುಂಜ, ಕುದುರೆ ಬರೆಯುತ್ತಿದ್ದ. ಆಮೇಲೆ ಮನುಷ್ಯರಿಗೆ ಬಡ್ತಿ ಪಡೆದ. ಅಮೆರಿಕದ ಕನೆಕ್ಟಿಕಟ್ ನದಿಯ ಉದ್ದಕ್ಕೂ ಗಾಡಿ ಹೊಡೆದುಕೊಂಡು ಹೋಗುವುದು, ಅನುಕೂಲಸ್ಥ ರೈತರ ಮನೆಯಲ್ಲಿ ಬೀಡು ಬಿಡುವುದು, ಚಿತ್ರ ಮುಗಿಯುವವರೆಗೆ ಅವರ ಹಂದಿಮಾಂಸ, ಬೀನ್ಸ್ ಕಾಳು ಉಂಡುಕೊಂಡಿರುವುದು. ಕೈಬೆರಳು ಬರೆಯಲು ಅವನಿಗೆ ಬರುತ್ತಿರಲಿಲ್ಲ. ಹಾಗಾಗಿ ಆ ಸೀಮೆಯ ಗಂಡಸರೆಲ್ಲ ಚಿತ್ರದಲ್ಲಿ ಒಂದು ಕೈಯನ್ನು ಕೋಟಿನೊಳಗೆ ತೂರಿಸಿಕೊಂಡು, ಏನನ್ನೋ ಕದ್ದವರಂತೆ ಕೂತಿದ್ದಾರೆ. ಅವನಿಗಿದ್ದ ಇನ್ನೊಂದು ಕೊರತೆ ಇನ್ನೂ ದೊಡ್ಡದು. ಕಣ್ಣೆದುರು ಇಲ್ಲದ್ದನ್ನು ಊಹಿಸಿ ಬರೆಯಲು ಅವನಿಂದ ಸುತರಾಂ ಆಗುತ್ತಿರಲಿಲ್ಲ.

ಒಂದು ಮಾಗಿಯಲ್ಲಿ ವೀಲಕ್ ಎಂಬವರ ಮನೆಗೆ ಹೋದ. ಯಜಮಾನ ತೀರಿಕೊಂಡು ಬಹಳ ಕಾಲವಾಗಿತ್ತು. ಮನೆ ನಡೆಸುತ್ತಿದ್ದವಳು ವಿಧವೆ ಥ್ಯಾಂಕ್‌ಫುಲ್. ಅವಳ ಮೊದಲ ಮಗಳು ಕೆಜಾಯಾ ಗಂಟಲುಬೇನೆಯಲ್ಲಿ ಸತ್ತಿದ್ದಳು. ಆಮೇಲೆ ಹುಟ್ಟಿದವಳಿಗೆ, ಅಲ್ಲಿಯವರ ರೂಢಿಯಂತೆ, ಸತ್ತವಳ ಹೆಸರನ್ನೇ ಇಟ್ಟಿದ್ದರು. ಹೆಸರಿನ ಜೊತೆಗೆ ಅವಳ ಮಂಚ, ಅವಳ ತಟ್ಟೆ, ಅವಳ ಕುರ್ಚಿಯೂ ಈ ಕೆಜಾಯಾಳ ಪಾಲಿಗೆ ಬಂದವು.

"ನನ್ನ ದೊಡ್ಡ ಮಗಳದ್ದು ಬರೀಬೇಕು," ಎಂದಳು ಥ್ಯಾಂಕ್‌ಫುಲ್. "ಇವಳದೂ ಅದೇ ಅಚ್ಚು. ಇವಳನ್ನ ಕೂರಿಸ್ಕೊಂಡು ಬರಿ. ಕೈಯಲ್ಲಿ ಗುಲಾಬಿ ಇರ್ಲಿ, ತಲೆಕೆಳಗಾಗಿ."

ತಲೆಕೆಳಗಾದ ಗುಲಾಬಿ ಎಂದರೆ ಚಿತ್ರದಲ್ಲಿರುವ ಮಗು ಬದುಕಿಲ್ಲವೆಂದು ಅರ್ಥ. ಎಲಿಫಲೆಟ್ ತಲೆಯಾಡಿಸಿದ. ಊಟ ಚೆನ್ನಾಗಿತ್ತು.

ಹುಡುಗಿ ಅಕ್ಕನ ನೀಲಿ ಅಂಗಿ ತೊಟ್ಟು ಕೂತಳು. ಅಂಗಿಯ ತೋಳು ಗಿಡ್ಡವಾಗಿತ್ತು.

"ಮಾಮ, ಜನ ಇದನ್ನ ನೋಡಿ ನಾನು ಸತ್ತೋಗಿದೀನಿ ಅನ್ಕೋತಾರಾ?"

"ನಿಮ್ಮಕ್ಕನ ಚಿತ್ರ ಅನ್ಕೋತಾರಮ್ಮ."

"ಮುಖ ನಂದಲ್ವಾ ಮತ್ತೆ? ನಂದು ಅಂತ ಬೇರೆ ಚಿತ್ರ ಬರೀತೀಯಾ?"

"ಅದು ನಿಮ್ಮಮ್ಮ ಹೇಳಬೇಕು. ಗಲ್ಲ ಎತ್ತು."

ಗಲ್ಲ ಎತ್ತಿದಳು. ಎಲಿಫಲೆಟ್‌ಗೆ ಅಯ್ಯೋ ಅನಿಸಿತು. ಆದರೆ ಅಯ್ಯೋ ಅನಿಸಿದ್ದನ್ನು ಬರೆಯುವ ವಿದ್ಯೆ ಅವನಲ್ಲಿರಲಿಲ್ಲ. ಕಂಡದ್ದನ್ನು ಬರೆದ. ಎಡ ಹುಬ್ಬಿನ ಮೇಲೆ ಕಂಡ ಗಾಯದ ಗುರುತನ್ನೂ ಬರೆದ.

ಚಿತ್ರ ಮುಗಿದ ದಿನ ಥ್ಯಾಂಕ್‌ಫುಲ್ ಬಹಳ ಹೊತ್ತು ನೋಡಿದಳು. "ಇದೇನಿದು ಹುಬ್ಬಿನ ಮೇಲೆ? ಬಣ್ಣ ಚೆಲ್ಲಿದೀಯಾ?"

"ಗಾಯದ್ದು."

"ನನ್ನ ಕೆಜಾಯಾಗೆ ಗಾಯ ಇರ್ಲಿಲ್ಲ. ಅಳಿಸು."

"ಈ ಹುಡುಗಿಗಿದೆಯಲ್ಲಮ್ಮ."

"ಇವಳಿಗೆಲ್ಲಿದೆ? ನನ್ನ ಮಗಳನ್ನ ನನಗೇ ತೋರಿಸ್ತೀಯಾ?" ಎಂದವಳೇ ಹುಡುಗಿಯ ರಟ್ಟೆ ಹಿಡಿದು ಕಿಟಕಿಯ ಬೆಳಕಿಗೆ ಎಳೆದಳು. ಗಾಯ ಇತ್ತು. ಹಳೆಯದು, ಮಾಸಿ ಬೆಳ್ಳಗಾಗಿತ್ತು. ಥ್ಯಾಂಕ್‌ಫುಲ್ ಅದನ್ನು ಹೆಬ್ಬೆರಳಿಂದ ಉಜ್ಜಿ ನೋಡಿದಳು. ಹೋಗಲಿಲ್ಲ.

"ಯಾವಾಗಾಯ್ತೇ ಇದು?"

"ಚಿಕ್ಕೋಳಿದ್ದಾಗ. ಬಾವಿಕಟ್ಟೆ ಮೇಲೆ ಬಿದ್ನಲ್ಲ."

"ನನಗ್ಯಾಕೆ ಹೇಳ್ಲಿಲ್ಲ?"

"ನೀನೇ ಅಲ್ವಾ ಬಟ್ಟೆ ಕಟ್ಟಿದ್ದು," ಎಂದಳು ಹುಡುಗಿ.

ಥ್ಯಾಂಕ್‌ಫುಲ್ ಕೈ ತೆಗೆಯಲಿಲ್ಲ. ಎಲಿಫಲೆಟ್ ಕುಂಚ ಒರೆಸಿದ, ಒರೆಸಿದ್ದನ್ನೇ ಮತ್ತೆ ಒರೆಸಿದ.

"ಹೋಗಿ ನಿನ್ನ ಅಂಗಿ ಹಾಕ್ಕೊಂಡು ಬಾ," ಎಂದಳು ಕೊನೆಗೆ. ಎಲಿಫಲೆಟ್ ಕಡೆ ತಿರುಗಿ, "ಚೌಕಟ್ಟಿಗೆ ಇನ್ನೊಂದು ಬಟ್ಟೆ ಬಿಗಿ. ಇವಳದ್ದು ಬರಿ," ಎಂದಳು.

ಹುಡುಗಿ ತನ್ನ ಕಂದು ಅಂಗಿಯಲ್ಲಿ ಬಂದು ಕೂತಳು. ತಾಯಿ ಎದುರಿಗೆ ಕುರ್ಚಿ ಎಳೆದುಕೊಂಡು ಅವಳ ಮುಖವನ್ನೇ ನೋಡುತ್ತ ಕೂತಳು. ಹಾಗೆ ನೋಡಿಸಿಕೊಂಡು ಹುಡುಗಿಗೆ ಅಭ್ಯಾಸವಿರಲಿಲ್ಲ. ಒಮ್ಮೆ ನೆಲ ನೋಡಿದಳು, ಒಮ್ಮೆ ಒಲೆ ನೋಡಿದಳು.

"ಮಾಮ, ಎಲ್ಲಿ ನೋಡ್ಲಿ?"

"ನಿಮ್ಮಮ್ಮನ ಕಡೆಗೇ ನೋಡಮ್ಮ," ಎಂದ ಎಲಿಫಲೆಟ್.