ಕ್ರೇನಿಗೆ ಹಾಸಿಗೆ ಹಾಸುತ್ತಿದ್ದ ಮಾಮಾ

ಮಾಮಾನ ಹಿಮ್ಮಡಿ ಒಡೆದು, ಆ ಬಿರುಕುಗಳಲ್ಲಿ ಎರೆಮಣ್ಣು ಕೂತು, ಎಷ್ಟು ತಿಕ್ಕಿದರೂ ಹೋಗದಷ್ಟು ಕಪ್ಪಾಗಿತ್ತು. ಕ್ರೇನು ನಿಲ್ಲುವ ಜಾಗಕ್ಕೆ ಬಂದೊಡನೆ ಬೂಟು ಬಿಚ್ಚಿ, ಹಿಮ್ಮಡಿಯನ್ನು ನೆಲಕ್ಕೆ ಊರಿ ಗರ್ರನೆ ತಿರುಗಿಸುತ್ತಿದ್ದ.

"ಮಾಮಾ, ಸಾಹೇಬ್ರು ನೋಡಿದ್ರ ಬೈತಾರ."

"ಬೈಲಿ ಬಿಡಲೇ. ಅವರ ಬೂಟಿಗೆ ಹಸಿ ಗೊತ್ತಾಗ್ತದೇನು?"

ಅವನು ಅವ್ವನ ತಮ್ಮ, ಹಿರೋಳ್ಳಿಯವನು. ದೊಡ್ಡ ಕ್ರೇನುಗಳ ಕಾಲ ಕೆಳಗೆ ಏನು ಹಾಸಬೇಕೆಂದು ಆರಿಸುವ ಮೇಸ್ತ್ರಿ. ಆಳಂದದ ಕಡೆಯ ಗಟ್ಟಿ ಗರಸು ನೆಲಕ್ಕೆ ಕಬ್ಬಿಣದ ಪ್ಲೇಟು, ಜೇವರ್ಗಿಯ ಮೆತ್ತನೆ ಎರೆಗೆ ಅಗಲವಾದ ದಪ್ಪ ಕಟ್ಟಿಗೆ ಮ್ಯಾಟು. ಅವನ ಬಾಯಲ್ಲಿ ಎಲ್ಲವೂ 'ಹಾಸಿಗಿ'. ನನಗೆ ಈ ಕೆಲಸ ಕಲಿಸಿ ಅನ್ನಕ್ಕೆ ಹಚ್ಚಿದವನು ಅವನೇ.

ಬೂಟು ಬಿಚ್ಚುವ ಚಟ ಶುರುವಾದದ್ದು ಕರಜಗಿಯ ನಂತರ. ಅಲ್ಲಿ ಕಬ್ಬಿನ ಹೊಲದ ಅಂಚಿನಲ್ಲಿ ಕೆಲಸ. ಕ್ರೇನು ನಡೆಸುತ್ತಿದ್ದವನು ನನ್ನಪ್ಪ. ಕಟ್ಟಿಗೆ ಮ್ಯಾಟುಗಳು ಇನ್ನೂ ಆಳಂದದಿಂದ ಬಂದಿರಲಿಲ್ಲ. ಎರೆ ನೆಲ ಮೇಲೆ ಒಣಗಿ ಗಟ್ಟಿಯಾಗಿ ಕಂಡಿತು. ನಡೀತದ ಬಿಡು ಎಂದು ಮಾಮಾ ಪ್ಲೇಟನ್ನೇ ಹಾಸಿಸಿದ. ಒಳಗೆ ಕಬ್ಬಿಗೆ ಬಿಟ್ಟ ನೀರು ಆರಿರಲಿಲ್ಲ. ಕ್ರೇನಿನ ಒಂದು ಕಾಲು ಭಸಕ್ಕನೆ ಹೂತು, ಇಡೀ ಕ್ರೇನು ಮಗುಚಿತು. ಅಪ್ಪನ ಜೀವ ಉಳಿಯಿತು, ಒಂದು ಕಾಲು ಹೋಯಿತು.

ಆ ವರ್ಷದಿಂದ ಮಾಮಾ ನಾಗರ ಪಂಚಮಿಗೆ ಅವ್ವನನ್ನು ಕರೆಯಲು ಬರಲಿಲ್ಲ. ತವರಿನವರು ಬಂದು ಕರೆಯದೆ ನಮ್ಮ ಹೆಣ್ಣುಮಕ್ಕಳು ಪಂಚಮಿಗೆ ಹೋಗುವುದಿಲ್ಲ. ಅವ್ವ ಶೇಂಗಾ ಉಂಡಿ ಕಟ್ಟಿಟ್ಟುಕೊಂಡು ಬಾಗಿಲು ನೋಡುತ್ತಿದ್ದಳು. "ಅವನ ಮ್ಯಾಲ ನನಗ್ಯಾಕೋ ಸಿಟ್ಟು? ಕರಿಯಾಕ ಬರ್ಲಿ, ನಿಂತ ಕಾಲ ಮ್ಯಾಲ ಹೊಂಡ್ತೀನಿ."

ಕೆಲವು ವರ್ಷಗಳ ಮೇಲೆ, ಅಂದೋಲಾದ ಹತ್ತಿರ ಗಾಳಿಯಂತ್ರದ ಕಂಬ ಎತ್ತಿ ನಿಲ್ಲಿಸುವಾಗ ಮಾಮಾ ಚಹಾ ಕುಡಿಯುತ್ತಾ ಅಂದ: "ನಿಮ್ಮವ್ವ ಈ ವರ್ಷನೂ ಬರ್ಲಿಲ್ಲ. ಸಿಟ್ಟು ಇಳಿದಿಲ್ಲ ನೋಡು."

"ಸಿಟ್ಟಿಲ್ಲ ಮಾಮಾ. ನೀ ಕರಿಯಾಕ ಬರ್ಲಿಲ್ಲಂತ ಕುಂತಾಳ."

"ಯಾವ ಮಾರಿ ತಗೊಂಡು ಬರ್ಲೋ? ನಿಮ್ಮಪ್ಪ ಕುಂಟಕೋತ ಎದ್ದು ನನಗ ನೀರು ಕೊಡಾಕ ಬರ್ತಾನ."

ಇಬ್ಬರ ಮಾತೂ ನನಗೆ ಗೊತ್ತಿತ್ತು. ಅವನನ್ನು ಬೈಕಿನ ಮೇಲೆ ಕೂರಿಸಿಕೊಂಡು ಮನೆಗೆ ಬಂದಿದ್ದರೆ ಮುಗಿಯುತ್ತಿತ್ತು. ದೊಡ್ಡವರ ನಡುವೆ ನಾನ್ಯಾಕೆ ಎಂದು ಸುಮ್ಮನಿದ್ದೆ. ಥೂ, ನನ್ನ ಮರ್ಯಾದಸ್ತಿಕೆಗೆ ಬೆಂಕಿ ಹಾಕ! ಇಂದಿಗೂ ಅದು ನನ್ನನ್ನು ತಿನ್ನುತ್ತದೆ.

ಹೋದ ವರ್ಷ ಪಂಚಮಿ ಇನ್ನೂ ದೂರವಿರುವಾಗಲೇ ಮಾಮಾನಿಗೆ ಎದೆನೋವು ಬಂತು, ದವಾಖಾನೆ ಮುಟ್ಟುವ ಮುಂಚೆಯೇ ಜೀವ ಹೋಯಿತು. ಅವ್ವ ಉಟ್ಟ ಸೀರೆಯಲ್ಲೇ ಹಿರೋಳ್ಳಿಗೆ ಹೊರಟಳು. ವಿಭೂತಿ ಹಚ್ಚಿ, ನಮ್ಮ ರೂಢಿಯಂತೆ ಗೋಡೆಗೆ ಆನಿಸಿ ಅವನನ್ನು ಕೂರಿಸಿದ್ದರು. ಅವ್ವ ಮಗ್ಗುಲಿಗೆ ಕೂತು, ಅವನ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡಳು.

"ನೀ ಕರೀಲಿಲ್ಲಂದ್ರೂ ಬಂದೀನಲ್ಲೋ ತಮ್ಮಾ. ಈಗರೇ ಮಾತಾಡು."